ಶಾಲೆಯಲ್ಲಿ ಹಿಂದೆ ಬೀಳುವ ಮಗು: ಬೆಳವಣಿಗೆಯ ವಿಳಂಬವನ್ನು ಗುರುತಿಸುವುದು, ಕೈಹಿಡಿದು ನಡೆಸುವುದು

ಮೂರು ವರ್ಷ ತುಂಬಿದರೂ ಮಗುವಿಗೆ ಮಾತು ಬಾರದಿದ್ದರೆ ಮನೆಯವರಿಗೆ ಕಳವಳವಾಗುತ್ತದೆ. ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಎಂಟು ವರ್ಷದ ಮಗುವಿಗೆ ಪಾಠದ ಒಂದು ಸಾಲನ್ನು ಸರಾಗವಾಗಿ ಓದಲು ಆಗದಿದ್ದರೆ ಮಾತ್ರ ಸಿಟ್ಟು ಬರುತ್ತದೆ. ‘ಮನಸ್ಸಿಟ್ಟು ಓದುವುದಿಲ್ಲ’, ‘ಬುದ್ಧಿ ಇದೆ, ಸೋಮಾರಿತನ ಜಾಸ್ತಿ’, ‘ಆಟಕ್ಕೆ ಮುಂದು, ಪಾಠಕ್ಕೆ ಹಿಂದು’ ಎಂಬ ಮಾತುಗಳು ಮನೆಯಲ್ಲೂ ಶಾಲೆಯಲ್ಲೂ ಕೇಳಿಬರುತ್ತವೆ. ಎರಡೂ ಕಡೆ ಆಗಿರುವುದು ಒಂದೇ ಬಗೆಯ ಸಂಗತಿಯಾಗಿರಬಹುದು: ಆ ವಯಸ್ಸಿಗೆ ಬರಬೇಕಾದ ಒಂದು ಸಾಮರ್ಥ್ಯ ಇನ್ನೂ ಬಂದಿಲ್ಲ. ಚಿಕ್ಕ ಮಗುವಿಗೆ ನೆರವು ಸಿಗುತ್ತದೆ, ದೊಡ್ಡ ಮಗುವಿಗೆ ಬೈಗುಳ ಸಿಗುತ್ತದೆ. ಬೈಗುಳ ತಿಂದು ತಿಂದು ಮಗು ನಿಜಕ್ಕೂ ಪುಸ್ತಕವನ್ನು ದ್ವೇಷಿಸತೊಡಗಿದ ಮೇಲೆ, ಮೊದಲು ಇದ್ದ ತೊಂದರೆ ಯಾವುದು, ಆಮೇಲೆ ಸೇರಿಕೊಂಡದ್ದು ಯಾವುದು ಎಂದು ಬಿಡಿಸಿ ನೋಡುವುದೇ ಕಷ್ಟವಾಗುತ್ತದೆ.

ಹಾಗಾಗಿ ಶಾಲಾ ವಯಸ್ಸಿನ ಮಗುವಿನ ವಿಷಯದಲ್ಲಿ ‘ಏಕೆ ಮಾಡುತ್ತಿಲ್ಲ’ ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ‘ಮಾಡಲು ಹೊರಟಾಗ ಎಲ್ಲಿ ತಡೆಯುತ್ತಿದೆ’ ಎಂದು ಕೇಳಬೇಕು. ಉತ್ತರ ಸಿಗುವುದು ಈ ಎರಡನೆಯ ಪ್ರಶ್ನೆಗೇ.

ಯಾವುದು ನಿಧಾನ, ಯಾವುದು ವಿಳಂಬ

ಬೆಳವಣಿಗೆಗೆ ಒಂದೇ ಗಡುವು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಶಿಶುಗಳು ಆಸರೆಯಿಲ್ಲದೆ ನಡೆಯತೊಡಗಿದ ವಯಸ್ಸು ಸುಮಾರು 8 ತಿಂಗಳಿಂದ ಹಿಡಿದು 17-18 ತಿಂಗಳವರೆಗೆ ಹರಡಿತ್ತು. ಒಂದು ಮಗು ನಡೆದು ಒಂಬತ್ತು ತಿಂಗಳಾದ ಮೇಲೆ ಇನ್ನೊಂದು ಮಗು ನಡೆದರೂ ಇಬ್ಬರೂ ಸಹಜವೇ. ಆ ವಿಸ್ತಾರವಾದ ಹರವನ್ನೂ ದಾಟಿ ಹಿಂದೆ ಉಳಿದಾಗ ಮಾತ್ರ ಅದನ್ನು ವಿಳಂಬ ಎನ್ನುತ್ತೇವೆ. ಮಾತು ಮತ್ತು ಭಾಷೆ, ದೊಡ್ಡ ಸ್ನಾಯುಗಳ ಚಲನೆ, ಬೆರಳುಗಳ ನಾಜೂಕು ಕೆಲಸ, ಯೋಚನಾಶಕ್ತಿ, ಗಮನ, ಇತರರೊಡನೆ ಬೆರೆಯುವಿಕೆ, ತನ್ನ ಕೆಲಸ ತಾನು ಮಾಡಿಕೊಳ್ಳುವುದು ಹೀಗೆ ಹಲವು ರಂಗಗಳಿವೆ. ಮಗು ಒಂದರಲ್ಲಿ ಹಿಂದುಳಿದು ಮತ್ತೊಂದರಲ್ಲಿ ಮುಂದಿರಬಹುದು.

ಐದು ವರ್ಷದೊಳಗಿನ ಮಗುವಿಗೆ ಹಲವು ರಂಗಗಳಲ್ಲಿ ಹಿನ್ನಡೆ ಕಂಡರೆ ವೈದ್ಯರು ಅದನ್ನು ‘ಸಮಗ್ರ ಬೆಳವಣಿಗೆಯ ವಿಳಂಬ’ ಎಂದು ದಾಖಲಿಸುತ್ತಾರೆ. ಅಷ್ಟು ಚಿಕ್ಕ ಮಗುವನ್ನು ಕೂರಿಸಿ ನಂಬಲರ್ಹವಾದ ಪರೀಕ್ಷೆ ನಡೆಸುವುದು ಕಷ್ಟವಾದ್ದರಿಂದ ಇಟ್ಟುಕೊಂಡ ತಾತ್ಕಾಲಿಕ ಹೆಸರು ಅದು. ಶಾಲೆಯ ವಯಸ್ಸಿಗೆ ಬರುವ ಹೊತ್ತಿಗೆ ಚಿತ್ರ ಹೆಚ್ಚು ಸ್ಪಷ್ಟವಾಗಿರುತ್ತದೆ. ಕೆಲವು ಮಕ್ಕಳು ಹಿನ್ನಡೆಯನ್ನು ತುಂಬಿಕೊಂಡಿರುತ್ತಾರೆ. ಉಳಿದವರಿಗೆ ಭಾಷೆಯ ತೊಂದರೆ, ಡಿಸ್ಲೆಕ್ಸಿಯಾದಂಥ (ಓದು ಕೂರದ) ಕಲಿಕಾ ನ್ಯೂನತೆ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ), ಆಟಿಸಂ (ಇತರರೊಡನೆ ಬೆರೆಯುವುದು ಕಷ್ಟವಾಗುವ ಸ್ಥಿತಿ), ಬೌದ್ಧಿಕ ನ್ಯೂನತೆ ಎಂಬ ನಿರ್ದಿಷ್ಟ ಹೆಸರುಗಳು ಬರುತ್ತವೆ. ‘ದೊಡ್ಡವನಾದ ಮೇಲೆ ತಾನಾಗಿಯೇ ಸರಿಹೋಗುತ್ತದೆ’ ಎಂಬ ಸಮಾಧಾನಕ್ಕೆ ಎರಡು ವರ್ಷದ ಮಗುವಿನ ವಿಷಯದಲ್ಲಿ ಒಂದಿಷ್ಟು ಆಧಾರವಿದೆ. ಎಂಟು ವರ್ಷದ ಮಗುವಿನ ವಿಷಯದಲ್ಲಿ ಆ ಮಾತು ಆಡುವುದು ಸರಿಯಲ್ಲ.

ಐದು ವರ್ಷದವರೆಗೆ ಏನೂ ಕಾಣದೆ ಆಮೇಲೆ ತೊಂದರೆ ಕಾಣಿಸಿಕೊಳ್ಳುವುದೂ ಉಂಟು. ಮಗು ಏಕಾಏಕಿ ಬದಲಾಯಿತು ಎಂದು ಇದರ ಅರ್ಥವಲ್ಲ. ಮಗುವಿನಿಂದ ನಾವು ಕೇಳುವುದು ಬದಲಾಗಿರುತ್ತದೆ. ಅಕ್ಷರ ಕಲಿಕೆ ಆರಂಭವಾದಾಗ ಧ್ವನಿ ಮತ್ತು ಗುರುತನ್ನು ಜೋಡಿಸಲಾಗದ ಮಕ್ಕಳು ಸಿಕ್ಕಿಬೀಳುತ್ತಾರೆ. ಮೂರು-ನಾಲ್ಕನೆಯ ತರಗತಿಯ ಹೊತ್ತಿಗೆ ಓದಲು ಕಲಿಯುವ ಕಾಲ ಮುಗಿದು, ಓದಿ ಕಲಿಯುವ ಕಾಲ ಬರುತ್ತದೆ. ಅಲ್ಲಿಯವರೆಗೆ ಬಾಯಿಪಾಠದ ಬಲದಿಂದ ತೇರ್ಗಡೆಯಾಗುತ್ತಿದ್ದವರು ಇಲ್ಲಿ ಕುಸಿಯುತ್ತಾರೆ. ಮುಂದೆ ವಿಷಯಕ್ಕೊಬ್ಬ ಶಿಕ್ಷಕರು, ವಾರಗಟ್ಟಲೆ ಮಾಡಬೇಕಾದ ಕೆಲಸಗಳು ಬಂದಾಗ, ಯೋಜನೆ ಹಾಕಿಕೊಳ್ಳಲು ಬಾರದ ಮಗು ಮುಗ್ಗರಿಸುತ್ತದೆ. ಹತ್ತು ಹನ್ನೊಂದನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ತೊಂದರೆ ಬೆಳಕಿಗೆ ಬಂದರೆ, ‘ಇಷ್ಟು ದಿನ ಚೆನ್ನಾಗಿಯೇ ಇತ್ತಲ್ಲ’ ಎಂದು ತಳ್ಳಿಹಾಕಬಾರದು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಂದೇ ತರಗತಿಯಲ್ಲಿ ಕೂತ ಮಕ್ಕಳ ನಡುವೆ ಹನ್ನೊಂದು ತಿಂಗಳವರೆಗೂ ವಯಸ್ಸಿನ ಅಂತರವಿರಬಹುದು. ಆರು ವರ್ಷದ ಮಗುವಿಗೆ ಅದು ಬಹು ದೊಡ್ಡ ಅಂತರ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾದ ಮಕ್ಕಳಿಗೆ ಎಡಿಎಚ್‌ಡಿ ಎಂಬ ಹಣೆಪಟ್ಟಿ ಬೀಳುವ ಸಂಭವ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಮಗುವನ್ನು ಪಕ್ಕದಲ್ಲಿ ಕೂತವರೊಡನೆ ಹೋಲಿಸುವ ಮೊದಲು ಹುಟ್ಟಿದ ತಿಂಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕರಿಹಲಗೆಯಿಂದ ನೋಟ್‌ಬುಕ್‌ಗೆ

ಶಿಕ್ಷಕಿ ಕರಿಹಲಗೆಯ ಮೇಲೆ ಐದು ಸಾಲು ಬರೆದಿದ್ದಾರೆ. ಮಕ್ಕಳು ನೋಡಿ ಬರೆದುಕೊಳ್ಳಬೇಕು. ಎಲ್ಲರೂ ಮುಗಿಸಿದರೂ ಒಂದು ಮಗು ಎರಡನೆಯ ಸಾಲಿನಲ್ಲೇ ಇದೆ. ದೂರದಿಂದ ನೋಡುವವರಿಗೆ ಇದು ಉದಾಸೀನ. ಹತ್ತಿರ ಹೋಗಿ ನೋಡಿದರೆ ಈ ಒಂದು ಕೆಲಸದೊಳಗೆ ಏಳೆಂಟು ಕೆಲಸಗಳು ಅಡಗಿವೆ. ದೂರದ ಬರಹ ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು. ಕಂಡದ್ದನ್ನು ಓದಲು ಬರಬೇಕು. ಓದಿದ ನಾಲ್ಕು ಪದಗಳನ್ನು ತಲೆ ತಗ್ಗಿಸಿ ಬರೆಯುವಷ್ಟು ಹೊತ್ತು ನೆನಪಿನಲ್ಲಿ ಹಿಡಿದಿಡಬೇಕು. ಅಕ್ಷರದ ಆಕಾರ ಕೈಗೆ ಒಗ್ಗಿರಬೇಕು. ಪೆನ್ಸಿಲನ್ನು ಹದವಾದ ಒತ್ತಡದಲ್ಲಿ ಹಿಡಿಯಬೇಕು. ಬೆನ್ನು ನೆಟ್ಟಗೆ ನಿಲ್ಲಬೇಕು. ಮತ್ತೆ ತಲೆಯೆತ್ತಿದಾಗ ಬಿಟ್ಟ ಜಾಗ ಕಣ್ಣಿಗೆ ಸಿಗಬೇಕು. ಪಕ್ಕದವರ ಮಾತು, ಕಿಟಕಿಯಾಚೆಯ ಸದ್ದು ಇವೆಲ್ಲದರ ನಡುವೆ ಗಮನ ಕದಲದಿರಬೇಕು.

ಈ ಸರಪಳಿಯ ಯಾವ ಕೊಂಡಿ ಸಡಿಲವಿದ್ದರೂ ಕೊನೆಯಲ್ಲಿ ಕಾಣುವುದು ಒಂದೇ: ಅಪೂರ್ಣ ನೋಟ್‌ಬುಕ್. ಆದರೆ ಕುಳಿತು ಗಮನಿಸುವವರಿಗೆ ವ್ಯತ್ಯಾಸ ಕಂಡೇ ಕಾಣುತ್ತದೆ. ಕಣ್ಣು ಕಿರಿದು ಮಾಡಿ ನೋಡುವ, ಪಕ್ಕದವರ ಪುಸ್ತಕದಿಂದ ಬರೆದುಕೊಳ್ಳುವ ಮಗುವಿಗೆ ದೃಷ್ಟಿದೋಷವಿರಬಹುದು. ಒಂದೊಂದು ಅಕ್ಷರಕ್ಕೂ ತಲೆ ಎತ್ತುವ ಮಗುವಿಗೆ ಓದು ಬರುತ್ತಿಲ್ಲ; ಅದು ಅಕ್ಷರಗಳನ್ನು ಚಿತ್ರದಂತೆ ನಕಲು ಮಾಡುತ್ತಿದೆ. ಓದಿ ಹೇಳು ಎಂದರೆ ಸರಾಗವಾಗಿ ಹೇಳಿ, ಬರೆಯಲು ಹೋದಾಗ ಮಾತ್ರ ಬೆರಳು ಬಿಳಿಚುವಷ್ಟು ಬಿಗಿಯಾಗಿ ಪೆನ್ಸಿಲ್ ಹಿಡಿಯುವ ಮಗುವಿನ ತೊಂದರೆ ಕೈಯಲ್ಲಿದೆ. ಅಕ್ಷರ ಮುದ್ದಾಗಿದ್ದು, ಪದಗಳೇ ಬಿಟ್ಟುಹೋಗಿ, ಮೂರನೆಯ ಸಾಲಿನಿಂದ ಐದನೆಯ ಸಾಲಿಗೆ ಹಾರಿದ್ದರೆ ಗಮನದ ಕಡೆಗೆ ನೋಡಬೇಕು. ಇಷ್ಟನ್ನು ಗಮನಿಸಲು ತಜ್ಞರೇ ಬೇಕಿಲ್ಲ. ಹತ್ತು ನಿಮಿಷ ಮಗುವಿನ ಪಕ್ಕದಲ್ಲಿ ಬೈಯದೆ ಕೂರುವ ತಾಳ್ಮೆ ಇದ್ದರೆ ಸಾಕು.

ಕಣ್ಣಿಗೆ ಬೀಳದೆ ಉಳಿಯುವ ಭಾಷೆಯ ತೊಂದರೆ

ಎಲ್ಲಕ್ಕಿಂತ ಹೆಚ್ಚಾಗಿ ಕೈತಪ್ಪಿ ಹೋಗುವುದು ಭಾಷೆಯ ತೊಂದರೆ ಎಂದು ನನ್ನ ಅನಿಸಿಕೆ. ಉಚ್ಚಾರ ತಪ್ಪಿದರೆ, ತೊದಲಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಉಚ್ಚಾರ ಸ್ಪಷ್ಟವಿದ್ದು, ಕೇಳಿದ್ದನ್ನು ಅರ್ಥಮಾಡಿಕೊಳ್ಳುವುದು ಮತ್ತು ಹೇಳಬೇಕಾದ್ದನ್ನು ವಾಕ್ಯವಾಗಿ ಕಟ್ಟುವುದು ಕಷ್ಟವಾದರೆ ಯಾರಿಗೂ ಸುಳಿವೇ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ಶಾಲೆ ಸೇರಿದ ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಬೇರೆ ಯಾವ ಕಾಯಿಲೆಯ ಕಾರಣವೂ ಇಲ್ಲದೆ ಇಂಥ ತೊಂದರೆ ಇರುವವರು ಶೇಕಡಾ 7ಕ್ಕಿಂತ ತುಸು ಹೆಚ್ಚು ಎಂದು ಕಂಡುಕೊಂಡಿತು. ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು.

‘ಪುಸ್ತಕ ಒಳಗಿಟ್ಟು, ಕೈ ತೊಳೆದುಕೊಂಡು, ಸಾಲಾಗಿ ನಿಲ್ಲುವ ಮೊದಲು ಕಿಟಕಿ ಮುಚ್ಚಿ’ ಎಂದು ಹೇಳಿದರೆ ಈ ಮಗು ಪುಸ್ತಕ ಒಳಗಿಟ್ಟು, ಮುಂದೇನೆಂದು ಸುತ್ತ ನೋಡುತ್ತದೆ; ಉಳಿದವರು ಏನು ಮಾಡುತ್ತಾರೋ ಅದನ್ನೇ ಮಾಡುತ್ತದೆ. ‘ಅರ್ಥವಾಯಿತೇ’ ಎಂದು ಕೇಳಿದರೆ ತಲೆಯಾಡಿಸುತ್ತದೆ. ರಜೆಯಲ್ಲಿ ಏನಾಯಿತು ಎಂದು ಕೇಳಿದರೆ ‘ಅದು... ಅಲ್ಲಿ... ಹೋಗಿ... ಬಿತ್ತು’ ಎಂದು ತುಂಡು ತುಂಡಾಗಿ ಹೇಳುತ್ತದೆ. ಯಾರು, ಎಲ್ಲಿ, ಯಾವಾಗ ಎಂಬುದು ಕೇಳಿದವರಿಗೆ ತಿಳಿಯುವುದಿಲ್ಲ. ಲೆಕ್ಕವನ್ನು ಅಂಕಿಗಳಲ್ಲಿ ಕೊಟ್ಟರೆ ಮಾಡುತ್ತದೆ, ಅದೇ ಲೆಕ್ಕವನ್ನು ವಾಕ್ಯದಲ್ಲಿ ಕೊಟ್ಟರೆ ಸೋಲುತ್ತದೆ. ಜಗಳದಲ್ಲಿ ತನ್ನ ಪರವಾಗಿ ಮಾತಾಡಲು ಬಾರದೆ ಕೈ ಎತ್ತುತ್ತದೆ. ಆಮೇಲೆ ಶಿಕ್ಷೆಯೂ ಅದಕ್ಕೇ.

ಎರಡು-ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಈ ತೊಂದರೆ ಬರುವುದಿಲ್ಲ. ಮನೆಮಾತು ಒಂದು, ಶಾಲೆಯ ಭಾಷೆ ಇನ್ನೊಂದು ಆದಾಗ ಹೊಸ ಭಾಷೆಯಲ್ಲಿ ಹಿಂದೆ ಬೀಳುವುದು ಸಹಜ. ಮನೆಮಾತಿನಲ್ಲಿ ಕಥೆ ಹೇಳಲು, ತಕರಾರು ಮಾಡಲು, ಸುಳ್ಳು ಹೆಣೆಯಲು ಬರುವ ಮಗುವಿಗೆ ಬೇಕಾದದ್ದು ಹೊಸ ಭಾಷೆಯ ಪಾಠ ಮಾತ್ರ. ನಿಜವಾದ ಭಾಷಾ ತೊಂದರೆ ಇದ್ದರೆ ಅದು ಮಗು ಆಡುವ ಎಲ್ಲ ಭಾಷೆಗಳಲ್ಲೂ ಕಾಣಿಸುತ್ತದೆ. ಆದ್ದರಿಂದ ತಪಾಸಣೆಯೂ ಮನೆಮಾತನ್ನು ಬಿಟ್ಟು ನಡೆಯಬಾರದು. ‘ಮನೆಯಲ್ಲೂ ಶಾಲೆಯ ಭಾಷೆಯನ್ನೇ ಆಡಿ’ ಎಂಬ ಸಲಹೆಯನ್ನು ಒಪ್ಪಿಕೊಳ್ಳಬೇಕಾಗಿಲ್ಲ.

ಓದು, ಲೆಕ್ಕ, ಕೈಕಾಲು, ಗಮನ

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಹದಿನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹುಡುಗ ಚುರುಕು, ಆಟದಲ್ಲಿ ಮುಂದು. ಓದಲು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಯಲ್ಲಿ ಇವನಷ್ಟು ಜಾಣ ಬೇರೆ ಇರುತ್ತಿರಲಿಲ್ಲ ಎಂಬುದು ಅವನ ಶಿಕ್ಷಕರ ಮಾತಾಗಿತ್ತು. ಡಿಸ್ಲೆಕ್ಸಿಯಾ ಎಂದು ನಾವಿಂದು ಕರೆಯುವುದರ ಚಿತ್ರ ಇದು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚಿನ ಮಕ್ಕಳಲ್ಲಿ ತೊಡಕು ಇರುವುದು ಮಾತಿನೊಳಗಿನ ಧ್ವನಿಗಳನ್ನು ಬಿಡಿಬಿಡಿಯಾಗಿ ಗುರುತಿಸಿ, ಅವನ್ನು ಅಕ್ಷರಕ್ಕೆ ಹೊಂದಿಸುವಲ್ಲಿ. ಅಕ್ಷರವನ್ನು ತಿರುಗುಮುರುಗಾಗಿ ಬರೆಯುವುದೇ ಡಿಸ್ಲೆಕ್ಸಿಯಾ ಎಂಬ ನಂಬಿಕೆ ಸರಿಯಲ್ಲ. ಆರು ವರ್ಷದ ಅನೇಕ ಮಕ್ಕಳು ಹಾಗೆ ಬರೆದು ಆಮೇಲೆ ಬಿಟ್ಟುಬಿಡುತ್ತಾರೆ. ಪ್ರಾಸ ಹಿಡಿಯಲು ಕಷ್ಟವಾಗುವುದು, ಪದದ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುವುದು, ಸಾಲಿನಲ್ಲಿ ಒಂದು ಕಡೆ ಓದಿದ ಪದವನ್ನೇ ಮುಂದಿನ ಸಾಲಿನಲ್ಲಿ ಹೊಸದೆಂಬಂತೆ ತಡವರಿಸುವುದು, ಮನೆಯಲ್ಲಿ ಯಾರಿಗಾದರೂ ಇದೇ ತೊಂದರೆ ಇದ್ದುದು, ಇವು ಹೆಚ್ಚು ನಂಬಬಹುದಾದ ಸುಳಿವುಗಳು. ಕಾಗುಣಿತ, ಒತ್ತಕ್ಷರಗಳಿಂದ ನೂರಾರು ರೂಪ ತಾಳುವ ಕನ್ನಡದಂಥ ಲಿಪಿಯನ್ನು ಪೂರ್ತಿ ಕರಗತ ಮಾಡಿಕೊಳ್ಳಲು ಎಲ್ಲ ಮಕ್ಕಳಿಗೂ ಕೆಲವು ವರ್ಷ ಬೇಕಾಗುತ್ತದೆ. ಹಾಗಾಗಿ ಒಂದು ಒತ್ತು ತಪ್ಪಿದ್ದಕ್ಕೆ ಗಾಬರಿ ಬೇಡ. ಮೂಲಾಕ್ಷರ, ಗುಣಿತಗಳೇ ಎರಡು ವರ್ಷವಾದರೂ ಕೂರದಿದ್ದರೆ ಯೋಚಿಸಬೇಕು.

ಅಕ್ಷರ ಕೂಡಿಸಿ ಓದಲು ಬಂದ ಮಾತ್ರಕ್ಕೆ ಓದು ಬಂದಂತಲ್ಲ. ಸರಾಗವಾಗಿ ಓದಿ, ಓದಿದ್ದು ಏನೆಂದು ಕೇಳಿದರೆ ಮೌನವಾಗುವ ಮಗುವೂ ಇದೆ. ಅದರ ತೊಂದರೆ ಮತ್ತೆ ಭಾಷೆಯಲ್ಲಿದೆ. ಈ ಇಬ್ಬರು ಮಕ್ಕಳಿಗೂ ಒಂದೇ ಬಗೆಯ ಪಾಠ ಕೊಟ್ಟರೆ ಒಬ್ಬರಿಗೆ ಖಂಡಿತ ಉಪಯೋಗವಾಗದು.

ಲೆಕ್ಕದಲ್ಲಿ ಇದಕ್ಕೆ ಹತ್ತಿರವಾದ ತೊಂದರೆ ಡಿಸ್ಕ್ಯಾಲ್ಕುಲಿಯಾ. ಏಳರಲ್ಲಿ ಎಷ್ಟು ಇದೆ, ಏಳು ದೊಡ್ಡದೋ ಒಂಬತ್ತು ದೊಡ್ಡದೋ ಎಂಬ ಅಂದಾಜೇ ಕೂರುವುದಿಲ್ಲ. ಮಗ್ಗಿ ಉರುಹೊಡೆದರೂ ನಾಳೆಗೆ ಮರೆತಿರುತ್ತದೆ. ಕೈಕಾಲುಗಳ ಹೊಂದಾಣಿಕೆಯ ತೊಂದರೆ ಸುಮಾರು ಶೇಕಡಾ 5-6 ಮಕ್ಕಳಲ್ಲಿ ಕಾಣುತ್ತದೆ. ಗುಂಡಿ ಹಾಕಿಕೊಳ್ಳುವುದು, ಶೂ ಲೇಸ್ ಕಟ್ಟುವುದು, ಚೆಂಡು ಹಿಡಿಯುವುದು, ಸಾಲಿನ ಮೇಲೆ ಬರೆಯುವುದು ಇವರಿಗೆ ಒಂದೊಂದೂ ಹೋರಾಟ. ಇವರನ್ನು ಆಟಕ್ಕೆ ಕೊನೆಯಲ್ಲಿ ಆರಿಸಿಕೊಳ್ಳುತ್ತಾರೆ. ಕ್ರಮೇಣ ಅವರು ಆಡುವುದನ್ನೇ ಬಿಡುತ್ತಾರೆ.

ಎಡಿಎಚ್‌ಡಿ ಎಂದೊಡನೆ ಕುರ್ಚಿಯಲ್ಲಿ ನಿಲ್ಲದ ಹುಡುಗ ಕಣ್ಣಮುಂದೆ ಬರುತ್ತಾನೆ. ಗದ್ದಲವಿಲ್ಲದೆ ಕೂತು, ಮನಸ್ಸು ಎಲ್ಲೋ ತೇಲಿಹೋಗಿ, ಕೊಟ್ಟ ಕೆಲಸವನ್ನು ಅರ್ಧಕ್ಕೆ ಮರೆಯುವ ಹುಡುಗಿಗೂ ಅದೇ ತೊಂದರೆ ಇರಬಹುದು. ಯಾರಿಗೂ ಕಿರಿಕಿರಿ ಮಾಡದ ಕಾರಣ ಅವಳನ್ನು ಯಾರೂ ಗಮನಿಸುವುದಿಲ್ಲ. ಈ ಹೆಸರು ಕೊಡಲು ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು, 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ಒಬ್ಬ ಶಿಕ್ಷಕರ ತರಗತಿಯಲ್ಲಿ ಮಾತ್ರ ಚಡಪಡಿಸುವ ಮಗುವಿನ ವಿಷಯದಲ್ಲಿ ಆ ತರಗತಿಯನ್ನೇ ನೋಡಬೇಕಾಗುತ್ತದೆ.

ಆಟಿಸಂ ಇರುವ ಕೆಲವು ಮಕ್ಕಳು, ಮುಖ್ಯವಾಗಿ ಓದಿನಲ್ಲಿ ಜಾಣರಾದವರು, ಮೇಲಿನ ತರಗತಿಗಳಲ್ಲಿ ಸ್ನೇಹದ ಸೂಕ್ಷ್ಮ ನಿಯಮಗಳು ಜಟಿಲವಾದಾಗಲೇ ಬಳಲತೊಡಗುತ್ತಾರೆ. ಶಾಲೆಯಲ್ಲಿ ಇಡೀ ದಿನ ತಮ್ಮನ್ನು ಹತ್ತಿಕ್ಕಿಕೊಂಡು, ಮನೆಗೆ ಬಂದೊಡನೆ ಸಣ್ಣ ಕಾರಣಕ್ಕೂ ಕುಸಿದು ಅಳುತ್ತಾರೆ. ಇನ್ನು ಎಲ್ಲ ವಿಷಯಗಳಲ್ಲೂ, ಜೊತೆಗೆ ಸ್ನಾನ, ಉಡುಪು, ಸಮಯ, ಹಣದ ಲೆಕ್ಕದಂಥ ದೈನಂದಿನ ಕೆಲಸಗಳಲ್ಲೂ ಮಗು ತನಗಿಂತ ಬಹಳ ಚಿಕ್ಕವರಂತೆ ಇದ್ದರೆ ಬೌದ್ಧಿಕ ನ್ಯೂನತೆಯ ತಪಾಸಣೆ ಆಗಬೇಕು. ಒಂದು ಮಗುವಿನಲ್ಲಿ ಇಂಥ ಎರಡು ಮೂರು ತೊಂದರೆಗಳು ಒಟ್ಟಿಗಿರುವುದು ತೀರ ಸಾಮಾನ್ಯ.

ಮೊದಲು ಕಿವಿ, ಕಣ್ಣು, ನಿದ್ರೆ

ದೊಡ್ಡ ಹೆಸರುಗಳ ಕಡೆಗೆ ಹೋಗುವ ಮೊದಲು ದೇಹವನ್ನು ಪರೀಕ್ಷಿಸಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಸಿಗುವ ಕಾರಣಗಳು ಹಲವು ಬಾರಿ ಸುಲಭವಾಗಿ ಸರಿಪಡಿಸುವಂಥವು. ಕಿವಿಯ ಪರದೆಯ ಹಿಂದೆ ಅಂಟಾದ ದ್ರವ ತುಂಬಿದರೆ ಮಗುವಿಗೆ ಒಂದು ವಾರ ಚೆನ್ನಾಗಿ ಕೇಳಿಸಿ, ಇನ್ನೊಂದು ವಾರ ಮಂದವಾಗುತ್ತದೆ. ‘ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ’ ಎಂದು ಮನೆಯವರು ರೇಗುವುದು ಇದಕ್ಕೇ. ಕೂಗಿದಾಗ ತಿರುಗಿ ನೋಡಿತು ಎಂಬುದು ಶ್ರವಣ ಪರೀಕ್ಷೆಯಲ್ಲ. ಯಂತ್ರದಿಂದ ಸರಿಯಾಗಿ ಪರೀಕ್ಷೆ ಮಾಡಿಸಬೇಕು. ಟಾನ್ಸಿಲ್ ಊದಿಕೊಂಡು ರಾತ್ರಿಯಿಡೀ ಗೊರಕೆ ಹೊಡೆಯುವ, ನಿದ್ರೆಯಲ್ಲಿ ಉಸಿರು ಕಟ್ಟುವ ಮಗು ಹಗಲಿನಲ್ಲಿ ತೂಕಡಿಸುವುದಕ್ಕಿಂತ ಹೆಚ್ಚಾಗಿ ಚಡಪಡಿಸುತ್ತದೆ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ತೊಂದರೆ, ಸೀಸದ ವಿಷ ಇವುಗಳೂ ಕಲಿಕೆಯನ್ನು ಕುಗ್ಗಿಸುತ್ತವೆ. ಮಾತಿನ ಮಧ್ಯೆ ಹತ್ತು ಸೆಕೆಂಡು ಕಣ್ಣು ನೆಟ್ಟು, ಕರೆದರೂ ಮುಟ್ಟಿದರೂ ಎಚ್ಚರಗೊಳ್ಳದೆ, ಆಮೇಲೆ ಏನೂ ಆಗದಂತೆ ಮುಂದುವರಿಯುವ ಮಗು ಹಗಲುಗನಸು ಕಾಣುತ್ತಿಲ್ಲ. ಅದು ಮೂರ್ಛೆರೋಗದ ಒಂದು ಬಗೆ. ದಿನಕ್ಕೆ ಹತ್ತಾರು ಬಾರಿ ಬರಬಹುದು, ಔಷಧಿಯಿಂದ ಹತೋಟಿಗೆ ತರಬಹುದು.

ಎರಡು ಲಕ್ಷಣಗಳಲ್ಲಿ ಯಾವುದು ಕಂಡರೂ ಕಾಯುವಂತೆಯೇ ಇಲ್ಲ. ಬರುತ್ತಿದ್ದ ಮಾತು, ಓದು, ನಡಿಗೆ ಅಥವಾ ಶೌಚದ ಹತೋಟಿ ಕಳೆದುಹೋಗುತ್ತಿದ್ದರೆ ಯಾವ ವಯಸ್ಸಿನಲ್ಲೇ ಆಗಲಿ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಹುಡುಗನೊಬ್ಬ ಮೇಲಿಂದ ಮೇಲೆ ಬೀಳುತ್ತಾ, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿ ಹತ್ತಿದಂತೆ ಏಳುತ್ತಿದ್ದರೆ ಸ್ನಾಯುಗಳ ಗಂಭೀರ ಕಾಯಿಲೆಯ ಶಂಕೆಯಿಂದ ಪರೀಕ್ಷೆ ಆಗಬೇಕು.

ದೇಹದಷ್ಟೇ ಮುಖ್ಯವಾದದ್ದು ಸಂದರ್ಭ. ತಿಂಗಳುಗಟ್ಟಲೆ ಶಾಲೆ ತಪ್ಪಿದ, ಪದೇ ಪದೇ ಊರು ಬದಲಿಸಿದ, ಮನೆಯಲ್ಲಿ ಸಾವು ಅಥವಾ ಹಿಂಸೆ ಕಂಡ, ಶಾಲೆಯಲ್ಲಿ ದೊಡ್ಡ ಮಕ್ಕಳ ಕಾಟ ಸಹಿಸುತ್ತಿರುವ ಮಗುವಿಗೂ ಗಮನ ನಿಲ್ಲುವುದಿಲ್ಲ. ಕಳೆದ ವರ್ಷದವರೆಗೆ ಸರಿಯಾಗಿದ್ದು ಈ ವರ್ಷ ಥಟ್ಟನೆ ಕುಸಿದಿದ್ದರೆ ಮೊದಲು ಈ ಕಡೆಗೆ ನೋಡಿ.

ಬರೆದಿಡುವುದು, ತಪಾಸಣೆಗೆ ಹೋಗುವುದು

‘ಓದಿನಲ್ಲಿ ಹಿಂದೆ’ ಎಂದು ಹೇಳಿದರೆ ತಜ್ಞರಿಗೆ ಏನೂ ತಿಳಿಯುವುದಿಲ್ಲ. ‘ಉಕ್ತಲೇಖನದಲ್ಲಿ ಹತ್ತರಲ್ಲಿ ಎರಡು ಪದ ಸರಿ, ಅದೇ ಪದಗಳನ್ನು ಬಾಯಲ್ಲಿ ಕೇಳಿದರೆ ಹತ್ತಕ್ಕೂ ಅರ್ಥ ಹೇಳುತ್ತಾಳೆ’ ಎಂದು ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಎರಡು ಮೂರು ವಾರ ಒಂದು ಪುಸ್ತಕದಲ್ಲಿ ಗುರುತು ಹಾಕುತ್ತಾ ಬನ್ನಿ: ಏನು ಮಾಡಲು ಹೇಳಿದಿರಿ, ಏನಾಯಿತು, ಅದಕ್ಕೆ ಮೊದಲು ಏನು ನಡೆದಿತ್ತು, ಯಾವ ಸಹಾಯ ಕೊಟ್ಟಾಗ ಸುಲಭವಾಯಿತು. ಚೆನ್ನಾಗಿ ಮಾಡಿದ್ದನ್ನೂ ಬರೆಯಬೇಕು. ಶಿಕ್ಷಕರು ಒಂದು ಪುಸ್ತಕ, ಮನೆಯವರು ಒಂದು ಪುಸ್ತಕ ಇಟ್ಟು ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇನ್ನೂ ಒಳ್ಳೆಯದು. ಹಳೆಯ ನೋಟ್‌ಬುಕ್‌ಗಳನ್ನು ಎಸೆಯಬೇಡಿ, ಅವೂ ದಾಖಲೆಯೇ.

ಶಿಕ್ಷಕರು ಪೋಷಕರೊಡನೆ ಮಾತಾಡುವಾಗ ರೋಗದ ಹೆಸರು ಹೇಳಬಾರದು. ಅದು ಅವರ ಕೆಲಸವೂ ಅಲ್ಲ, ಆ ಹೆಸರು ಕೇಳಿದ ಕ್ಷಣವೇ ಪೋಷಕರ ಕಿವಿ ಮುಚ್ಚಿಹೋಗುತ್ತದೆ. ಕಂಡದ್ದನ್ನು ಕಂಡಂತೆ ಹೇಳಿ, ‘ಮನೆಯಲ್ಲಿ ನಿಮಗೆ ಹೇಗೆ ಕಾಣುತ್ತದೆ’ ಎಂದು ಕೇಳುವುದು ಲೇಸು.

ತಪಾಸಣೆ ಮಕ್ಕಳ ತಜ್ಞರಿಂದ ಆರಂಭವಾಗುತ್ತದೆ. ತೊಂದರೆಯ ಬಗೆಯನ್ನು ನೋಡಿ ವಾಕ್-ಶ್ರವಣ ತಜ್ಞರು, ಮನಃಶಾಸ್ತ್ರಜ್ಞರು, ಬರವಣಿಗೆ, ಉಡುಪು ಹಾಕಿಕೊಳ್ಳುವಂಥ ದೈನಂದಿನ ಕೆಲಸಗಳನ್ನು ಅಭ್ಯಾಸ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಮಕ್ಕಳ ಮನೋವೈದ್ಯರು ಅಥವಾ ನರರೋಗ ತಜ್ಞರು ಜೊತೆಗೂಡುತ್ತಾರೆ. ಬುದ್ಧಿಮಾಪನ ಪರೀಕ್ಷೆಯ ಅಂಕಿಯೊಂದು ಸಿಗಬಹುದು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೋನ್ ಇಂಥ ಮೊದಲ ಪರೀಕ್ಷೆಯನ್ನು ರೂಪಿಸಿದ್ದು ಯಾವ ಮಕ್ಕಳಿಗೆ ವಿಶೇಷ ನೆರವು ಬೇಕೆಂದು ತಿಳಿಯಲು. ಮಗುವಿನ ಶಕ್ತಿಗೆ ಶಾಶ್ವತ ಬೆಲೆ ಕಟ್ಟಲು ಅಲ್ಲ. ವರದಿ ಕೈಗೆ ಬಂದಾಗ ಒಟ್ಟು ಅಂಕಿಗಿಂತ, ಯಾವ ಭಾಗದಲ್ಲಿ ಏರಿದೆ, ಯಾವ ಭಾಗದಲ್ಲಿ ಇಳಿದಿದೆ ಎಂದು ಕೇಳಿ ತಿಳಿದುಕೊಳ್ಳಿ. ‘ನಾಳೆ ತರಗತಿಯಲ್ಲಿ ಏನು ಬದಲಿಸಬೇಕು’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ವರದಿ ಅಪೂರ್ಣ.

ತಪಾಸಣೆಗೆ ಸರದಿ ತಿಂಗಳುಗಟ್ಟಲೆ ಇರಬಹುದು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಓದಿನ ನೆರವು, ಚಿಕ್ಕ ಸೂಚನೆಗಳು, ಹೆಚ್ಚುವರಿ ಸಮಯ ಇವಕ್ಕೆ ಯಾವ ಪ್ರಮಾಣಪತ್ರವೂ ಬೇಡ, ಕೊಟ್ಟರೆ ಯಾವ ಮಗುವಿಗೂ ಹಾನಿಯಿಲ್ಲ.

ನೆರವು ಹೇಗಿರಬೇಕು

ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಒಂದು ಮೆಟ್ಟಿಲು ಮೇಲೆ, ಸ್ವಲ್ಪ ಆಸರೆ ಕೊಟ್ಟರೆ ಹತ್ತಬಲ್ಲ ಎತ್ತರದಲ್ಲಿ ಪಾಠವಿರಬೇಕು. ನಾಲ್ಕನೆಯ ತರಗತಿಯ ಮಗುವಿಗೆ ಒಂದನೆಯ ತರಗತಿಯ ಓದು ಬರುತ್ತಿದ್ದರೆ ಪಾಠ ಅಲ್ಲಿಂದಲೇ ಶುರುವಾಗಬೇಕು. ಇದು ಅವಮಾನವಾಗದಂತೆ ನೋಡಿಕೊಳ್ಳುವುದು ದೊಡ್ಡವರ ಹೊಣೆ: ಅಕ್ಷರ ಸರಳವಿರಲಿ, ವಿಷಯ ಮಾತ್ರ ಹತ್ತು ವರ್ಷದವರಿಗೆ ರುಚಿಸುವಂಥದ್ದಿರಲಿ.

ಡಿಸ್ಲೆಕ್ಸಿಯಾ ಇರುವ ಮಗುವಿಗೆ ಧ್ವನಿ-ಅಕ್ಷರ ಸಂಬಂಧವನ್ನು ಒಂದೊಂದಾಗಿ, ಕ್ರಮವಾಗಿ, ಮತ್ತೆ ಮತ್ತೆ ಬಾಯಿಬಿಟ್ಟು ಕಲಿಸಬೇಕು. ವಾರಕ್ಕೊಮ್ಮೆ ಎರಡು ಗಂಟೆ ಕೂರಿಸುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಮೇಲು. ಅದರ ಜೊತೆಗೇ ವಿಜ್ಞಾನ, ಸಮಾಜಗಳ ಪಾಠವನ್ನು ಯಾರಾದರೂ ಓದಿ ಹೇಳಬೇಕು. ಇಲ್ಲವಾದರೆ ಓದಲು ಬಾರದ ಮಗು ತಿಳಿವಳಿಕೆಯಲ್ಲೂ ಹಿಂದೆ ಬೀಳುತ್ತದೆ. ಓದುವವರು ಓದಿ ಓದಿ ಪದಸಂಪತ್ತು ಬೆಳೆಸಿಕೊಳ್ಳುತ್ತಾರೆ, ಓದದವರು ಇದ್ದಲ್ಲೇ ಇರುತ್ತಾರೆ, ಹೀಗೆ ವರ್ಷ ವರ್ಷವೂ ಅಂತರ ಹಿಗ್ಗುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಪ್ರಶ್ನೆ ಓದಿ ಹೇಳುವುದು, ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರುವುದು ಇವನ್ನು ಕೆಲವರು ರಿಯಾಯಿತಿ ಎಂದು ಗೊಣಗುತ್ತಾರೆ. ಕನ್ನಡಕ ಹಾಕಿದ ಮಗುವಿಗೆ ಕನ್ನಡಕ ತೆಗೆದು ಪರೀಕ್ಷೆ ಬರೆ ಎಂದು ನಾವು ಹೇಳುವುದಿಲ್ಲ.

ಭಾಷೆಯ ತೊಂದರೆ ಇರುವಲ್ಲಿ ಒಂದು ಸಲಕ್ಕೆ ಒಂದು ಸೂಚನೆ, ಕೈಸನ್ನೆ ಅಥವಾ ಚಿತ್ರದ ಜೊತೆ. ‘ಅರ್ಥವಾಯಿತೇ’ ಎನ್ನುವ ಬದಲು ‘ಈಗ ಏನು ಮಾಡುತ್ತೀಯ, ಹೇಳು’ ಎನ್ನಬೇಕು. ಪಾಠ ಆರಂಭಿಸುವ ಮುನ್ನ ಅದರಲ್ಲಿ ಬರುವ ಹೊಸ ಪದಗಳನ್ನು ಪರಿಚಯಿಸಬೇಕು. ಪ್ರಶ್ನೆ ಕೇಳಿದ ಮೇಲೆ ಹತ್ತು ಸೆಕೆಂಡು ಸುಮ್ಮನಿರುವುದು ಶಿಕ್ಷಕರಿಗೆ ಬಹಳ ಕಷ್ಟ; ಈ ಮಗುವಿಗೆ ಆ ಹತ್ತು ಸೆಕೆಂಡು ಬೇಕೇ ಬೇಕು.

ಕೈಕಾಲಿನ ತೊಂದರೆಯಲ್ಲಿ, ಬೇಕಾದ ಕೆಲಸವನ್ನೇ ತುಂಡು ಮಾಡಿ ಅಭ್ಯಾಸ ಮಾಡಿಸುವುದು ಫಲ ಕೊಡುತ್ತದೆ. ಲೇಸ್ ಕಟ್ಟಲು ಕಲಿಯಬೇಕಾದರೆ ಲೇಸನ್ನೇ ಕಟ್ಟಬೇಕು. ಬರವಣಿಗೆ ತೀರ ನಿಧಾನವಾದರೆ ಕೀಲಿಮಣೆ ಕಲಿಸಿ, ಬಾಯಿಮಾತಿನ ಉತ್ತರವನ್ನು ಒಪ್ಪಿಕೊಳ್ಳಿ. ಗಮನದ ತೊಂದರೆಗೆ ಮುಂದಿನ ಸಾಲಿನ ಜಾಗ, ಹತ್ತು ನಿಮಿಷದ ತುಂಡು ಕೆಲಸ, ನಡುವೆ ಎದ್ದು ಓಡಾಡಲು ಒಂದು ನೆಪ, ಒಳ್ಳೆಯದು ಮಾಡಿದ ಕೂಡಲೇ ಮೆಚ್ಚುಗೆ. ಶಾಲಾ ವಯಸ್ಸಿನ ಎಡಿಎಚ್‌ಡಿಯಲ್ಲಿ ಔಷಧಿಯೂ ಬಹಳ ಮಕ್ಕಳಿಗೆ ನೆರವಾಗುತ್ತದೆ. ಅದನ್ನು ತಜ್ಞ ವೈದ್ಯರೊಡನೆ ಕೂತು, ಹೆದರದೆ, ಅವಸರವೂ ಮಾಡದೆ ತೀರ್ಮಾನಿಸಬೇಕು. ತಪ್ಪಿಗೆ ಶಿಕ್ಷೆಯೆಂದು ಆಟದ ಅವಧಿಯನ್ನು ಕಿತ್ತುಕೊಳ್ಳುವುದಂತೂ ಕೂಡದು. ಅತ್ತಿತ್ತ ಓಡಾಡದೆ ಇರಲಾರದ ಮಗುವಿನಿಂದ ಓಡಾಟವನ್ನೇ ಕಸಿದುಕೊಂಡರೆ ಮಧ್ಯಾಹ್ನದ ತರಗತಿ ಇನ್ನಷ್ಟು ಕೆಡುತ್ತದೆ.

ಮಗುವನ್ನು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುವುದು ಪರಿಹಾರವಲ್ಲ ಎಂದೇ ನನ್ನ ನಿಲುವು. ಮೊದಲ ಸಲ ತಲುಪದ ಪಾಠ, ವಿಧಾನ ಬದಲಾಗದೆ ಎರಡನೆಯ ಸಲವೂ ತಲುಪದು. ಜೊತೆಗೆ ಗೆಳೆಯರೂ ಕೈಬಿಟ್ಟುಹೋಗುತ್ತಾರೆ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ‘ಮೂರು ತಿಂಗಳಲ್ಲಿ ಗುಣ’ ಎಂದು ಭರವಸೆ ಕೊಡುವ ಯಾರಿಂದಲೂ ದೂರವಿರಿ. ಆ ಹಣವೂ ಸಮಯವೂ ದಿನದ ಇಪ್ಪತ್ತು ನಿಮಿಷದ ಪಾಠಕ್ಕೆ ಸಲ್ಲಬೇಕು.

ಎಂಟು ಒಂಬತ್ತು ವರ್ಷದ ಹೊತ್ತಿಗೆ ಮಗು ತನ್ನನ್ನು ಇತರರೊಡನೆ ಹೋಲಿಸಿಕೊಳ್ಳತೊಡಗುತ್ತದೆ. ನಾವು ಏನೂ ಹೇಳದಿದ್ದರೆ ‘ನಾನು ದಡ್ಡ’ ಎಂಬ ವಿವರಣೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಅದಕ್ಕಿಂತ ನಿಜ ಹೇಳುವುದು ಮೇಲು: ‘ನಿನಗೆ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಅಕ್ಷರಗಳನ್ನು ಜೋಡಿಸಲು ನಿನ್ನ ಮಿದುಳಿಗೆ ಹೆಚ್ಚು ಹೊತ್ತು ಬೇಕು. ಹೀಗಿರುವ ಮಕ್ಕಳು ಬಹಳ ಇದ್ದಾರೆ. ನಾವು ಬೇರೆ ದಾರಿಯಲ್ಲಿ ಕಲಿಯೋಣ.’ ಮನೆಗೆಲಸಕ್ಕೆ ಗಂಟೆಯ ಮಿತಿ ಹಾಕಿ, ಮಿತಿ ಮುಗಿದಾಗ ಎಷ್ಟಾಗಿದೆಯೋ ಅಷ್ಟಕ್ಕೇ ನಿಲ್ಲಿಸಿ, ಶಿಕ್ಷಕರಿಗೆ ಒಂದು ಸಾಲು ಬರೆದು ಕಳಿಸಿ. ದಿನದಲ್ಲಿ ಒಂದು ಹೊತ್ತಾದರೂ ಮಗು ತಾನು ಚೆನ್ನಾಗಿ ಮಾಡಬಲ್ಲದ್ದನ್ನು ಮಾಡುವಂತಿರಲಿ. ಅದು ಈಜಾಗಲಿ, ಚಿತ್ರವಾಗಲಿ, ಸೈಕಲ್ ಬಿಚ್ಚಿ ಜೋಡಿಸುವುದಾಗಲಿ, ಪಾಠ ಮುಗಿಸಿದ್ದಕ್ಕೆ ಕೊಡುವ ಬಹುಮಾನವಾಗಬಾರದು.

ಮೂರು ತಿಂಗಳಿಗೊಮ್ಮೆ ಗುರಿಗಳನ್ನು ನೋಡಿ, ಕೆಲಸ ಮಾಡದ್ದನ್ನು ಕೈಬಿಡಿ. ‘ಓದು ಸುಧಾರಿಸಬೇಕು’ ಎಂಬುದು ಅಳೆಯಲಾಗದ ಗುರಿ. ‘ಒತ್ತಕ್ಷರವಿಲ್ಲದ ಇಪ್ಪತ್ತು ಪದಗಳನ್ನು ಒಂದು ನಿಮಿಷದಲ್ಲಿ ಓದುವುದು’ ಎಂದರೆ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ತರಗತಿ ಬದಲಾಗುವ ಹೊತ್ತಿನಲ್ಲಿ, ಈ ಮಗುವಿಗೆ ಏನು ಬರುತ್ತದೆ, ಎಲ್ಲಿ ತಡೆಯುತ್ತದೆ, ಯಾವ ನೆರವು ಫಲ ಕೊಟ್ಟಿದೆ ಎಂದು ಒಂದೇ ಹಾಳೆಯಲ್ಲಿ ಬರೆದು ಹೊಸ ಶಿಕ್ಷಕರಿಗೆ ಕೊಡಿ. ಇಲ್ಲವಾದರೆ ಪ್ರತಿ ವರ್ಷ ಮೊದಲ ಮೂರು ತಿಂಗಳು ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಮಗುವಿಗೆ ಹತ್ತು ವರ್ಷ ದಾಟಿದ್ದರೆ ಆ ಹಾಳೆಯನ್ನು ಅದರೊಡನೆ ಕೂತೇ ಬರೆಯಿರಿ. ‘ಎಲ್ಲರ ಮುಂದೆ ನನ್ನಿಂದ ಗಟ್ಟಿಯಾಗಿ ಓದಿಸಬೇಡಿ’ ಎಂದು ಅದು ಬರೆಸಿದರೆ, ಆ ಸಾಲನ್ನು ತಿದ್ದದೆ ಎಲ್ಲಕ್ಕಿಂತ ಮೇಲೆ ಹಾಕಿ.